ಓದುವವರ ಪುಸ್ತಕ, ಕೇಳುವವರ ಚಿತ್ರಕಥೆ

ಚಿತ್ರಕಥೆ ಬರೆಯಲು ಹೊರಟ ಕಿರಿಯರು ನನ್ನನ್ನು ಮೊದಲು ಕೇಳುವುದು ಯಾವ ಪುಸ್ತಕ ಕೊಳ್ಳಬೇಕು ಎಂದು. ಎರಡು ಮೂರು ಹೆಸರು ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ, ಹೇಳಬೇಕಾದದ್ದರಲ್ಲಿ ಅರ್ಧವನ್ನು ಬಿಟ್ಟುಬಿಟ್ಟೆ ಎಂಬ ಕಸಿವಿಸಿ ಪ್ರತಿ ಸಲವೂ ಉಳಿಯುತ್ತದೆ. ಆ ಉಳಿದರ್ಧವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಈ ಬಗೆಯ ಪುಸ್ತಕಗಳಲ್ಲಿ ನನಗೆ ಮೊದಲು ಸಿಕ್ಕಿದ್ದು ಅಮೆರಿಕದ ಸಿಡ್ ಫೀಲ್ಡ್ 1979ರಲ್ಲಿ ಪ್ರಕಟಿಸಿದ 'ಸ್ಕ್ರೀನ್‌ಪ್ಲೇ'. ಅವೆನ್ಯೂ ರಸ್ತೆಯಲ್ಲಿ, ಎಂಜಿನಿಯರಿಂಗ್ ಗೈಡುಗಳ ರಾಶಿಯ ನಡುವೆ ಬಿದ್ದಿತ್ತು. ಚಿತ್ರಕಥೆಗೆ ಸುಮಾರು 120 ಪುಟ, ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ. ಮೊದಲ 30 ಪುಟ ಪೀಠಿಕೆಗೆ, ನಡುವಿನ 60 ಸಂಘರ್ಷಕ್ಕೆ, ಕೊನೆಯ 30 ಪರಿಹಾರಕ್ಕೆ. 25ನೇ ಪುಟದ ಆಸುಪಾಸಿನಲ್ಲಿ ಒಂದು ತಿರುವು, 85ರಿಂದ 90ರೊಳಗೆ ಇನ್ನೊಂದು. ಫೀಲ್ಡ್ ತಮ್ಮ ಮಾತಿಗೆ ಮತ್ತೆ ಮತ್ತೆ ಸಾಕ್ಷಿ ಕರೆಯುವುದು 1974ರ 'ಚೈನಾಟೌನ್' ಚಿತ್ರವನ್ನು. ಗಂಡನ ಮೇಲೆ ಕಣ್ಣಿಡಲು ಪತ್ತೇದಾರನನ್ನು ನೇಮಿಸಿಕೊಂಡ ಹೆಂಗಸು ಆತನ ಹೆಂಡತಿಯೇ ಅಲ್ಲ; ನಿಜವಾದ ಹೆಂಡತಿ ವಕೀಲನೊಂದಿಗೆ ಬಂದು ಎದುರು ನಿಂತಾಗಲೇ, ತನ್ನನ್ನು ಯಾರೋ ದಾಳವಾಗಿ ಉರುಳಿಸಿದ್ದಾರೆ ಎಂಬುದು ಪತ್ತೇದಾರನಿಗೆ ಹೊಳೆಯುತ್ತದೆ. ಫೀಲ್ಡ್ ಲೆಕ್ಕದಲ್ಲಿ ಅದೇ ಮೊದಲ ತಿರುವು. ಲೆಕ್ಕ ಅಷ್ಟು ಚೊಕ್ಕವಾಗಿ ಕೂಡಿದ್ದನ್ನು ಕಂಡ ನಾನು, ಸ್ಕೇಲು ಹಿಡಿದು ಗೆರೆ ಎಳೆಯುವವನಂತೆ ಒಂದು ಚಿತ್ರಕಥೆ ಬರೆದೆ. 26ನೇ ಪುಟದಲ್ಲಿ ನನ್ನ ನಾಯಕನ ಕೆಲಸ ಹೋಯಿತು, 88ರಲ್ಲಿ ಅವನು ಊರಿಗೆ ಮರಳಿದ.

ಅದನ್ನು ನೀಟಾಗಿ ಟೈಪು ಮಾಡಿ, ಬೈಂಡು ಹಾಕಿಸಿ, ಗಾಂಧಿನಗರದ ಒಬ್ಬ ನಿರ್ಮಾಪಕರ ಕಚೇರಿಗೆ ಹೋದೆ. ಅವರು ಪುಟ ತಿರುವಲಿಲ್ಲ. "ಫೈಲು ಅಲ್ಲಿಡಿ ಸರ್, ಕಥೆ ಹೇಳಿ" ಎಂದರು. ನಾಲ್ಕು ವರ್ಷ ಓದಿದ್ದ ಯಾವ ಪುಸ್ತಕವೂ ನನ್ನನ್ನು ಆ ವಾಕ್ಯಕ್ಕೆ ಸಿದ್ಧಗೊಳಿಸಿರಲಿಲ್ಲ. ತಡವರಿಸುತ್ತಾ ಅರ್ಧ ಗಂಟೆ ಹೇಳಿರಬಹುದು; ಅಷ್ಟರಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇಂಟರ್‌ವಲ್‌ಗೆ ಏನಿದೆ?" ನನ್ನ 60ನೇ ಪುಟದಲ್ಲಿ ನಾಯಕ ಬ್ಯಾಂಕಿನಲ್ಲಿ ಸಾಲದ ಅರ್ಜಿ ತುಂಬುತ್ತಿದ್ದ. ಅದನ್ನೇ ಹೇಳಿದೆ. ಅವರು ಬೇಸರವನ್ನೇನೂ ತೋರಿಸಿಕೊಳ್ಳದೆ ಕಾಫಿ ತರಿಸಿದರು. ಆ ಕಾಫಿಯ ಅರ್ಥ ಈ ಕ್ಷೇತ್ರದಲ್ಲಿರುವವರಿಗೆಲ್ಲ ಗೊತ್ತು.

ಬಹಳ ದಿನ ನಾನು ನಿರ್ಮಾಪಕರನ್ನೇ ಬೈದುಕೊಂಡೆ. ಆಮೇಲೆ, ಈ ಪುಸ್ತಕಗಳನ್ನು ಬರೆದವರು ಯಾರು ಎಂದು ನೋಡಲು ತೊಡಗಿದಾಗ ವಿಷಯ ಬೇರೆಯಾಗಿ ಕಾಣಿಸಿತು. ಫೀಲ್ಡ್ ಸಿನಿಮೊಬೈಲ್ ಎಂಬ ಸಂಸ್ಥೆಯಲ್ಲಿ, ಬಂದ ಚಿತ್ರಕಥೆಗಳನ್ನು ಓದಿ ಆರಿಸುವ ಕೆಲಸದಲ್ಲಿದ್ದವರು. ಎರಡು ಸಾವಿರಕ್ಕೂ ಹೆಚ್ಚು ಚಿತ್ರಕಥೆ ಓದಿ ಅದರಲ್ಲಿ ಸುಮಾರು 40ನ್ನು ಮಾತ್ರ ಮುಂದಕ್ಕೆ ಕಳಿಸಿದೆ ಎಂದು ಅವರೇ ಬರೆದುಕೊಂಡಿದ್ದಾರೆ. 'ದಿ ರೈಟರ್ಸ್ ಜರ್ನಿ' ಬರೆದ ಕ್ರಿಸ್ಟೋಫರ್ ವೋಗ್ಲರ್ ಕೂಡ ಸ್ಟುಡಿಯೋಗಳಿಗೆ ಕಥೆಗಳನ್ನು ಓದಿ ವರದಿ ಕೊಡುತ್ತಿದ್ದವರೇ. ಜೋಸೆಫ್ ಕ್ಯಾಂಪ್‌ಬೆಲ್ ಅವರ ಪುರಾಣ ವಿಶ್ಲೇಷಣೆಯನ್ನು ಸಂಕ್ಷೇಪಿಸಿ, 1980ರ ದಶಕದಲ್ಲಿ ಡಿಸ್ನಿಯಲ್ಲಿದ್ದಾಗ ಬರೆದ ಏಳು ಪುಟಗಳ ಟಿಪ್ಪಣಿಯೇ 1992ರಲ್ಲಿ ಅವರ ಪುಸ್ತಕವಾಗಿ ಬೆಳೆಯಿತು. ಅಂದರೆ ಈ ಪುಸ್ತಕಗಳು ಹುಟ್ಟಿದ್ದು, ಬರೆದವನ ಮುಖ ನೋಡದೆ ಹಸ್ತಪ್ರತಿಯನ್ನಷ್ಟೇ ನೋಡಿ, ಮೊದಲ ಹತ್ತು ಪುಟ ಹಿಡಿಸದಿದ್ದರೆ ಬದಿಗಿಡುವ ಅಪರಿಚಿತ ಓದುಗನ ಮೇಜಿನ ಮೇಲೆ. ಆ ಓದುಗನಿಗೆ ಪುಟದ ಸಂಖ್ಯೆ ಒಂದು ಗಡಿಯಾರವಿದ್ದಂತೆ. ನಮ್ಮಲ್ಲಿ ಆ ಮೇಜೂ ಅಪರೂಪ, ಆ ಓದುಗನೂ ಅಪರೂಪ. ಚಿತ್ರಕಥೆಯನ್ನು ಇಲ್ಲಿ ಕೇಳುತ್ತಾರೆ. ನಿರ್ಮಾಪಕರು, ನಾಯಕನಟರು, ಕೆಲವೊಮ್ಮೆ ನಾಯಕನಟರ ಭಾವಮೈದುನರು ಕೇಳುತ್ತಾರೆ, ಕೇಳುತ್ತಾ ಫೋನ್ ತೆಗೆಯುತ್ತಾರೆ, ಹೊರಗೆ ಹೋಗಿಬರುತ್ತಾರೆ, "ಎಲ್ಲಿದ್ವಿ?" ಎನ್ನುತ್ತಾರೆ. ಪುಟ ಹಿಂದಕ್ಕೆ ತಿರುಗಿಸಿ ನೋಡಿಕೊಳ್ಳುವ ಸೌಲಭ್ಯ ಕೇಳುಗನಿಗಿಲ್ಲ. ಎಳೆ ಒಮ್ಮೆ ಕೈತಪ್ಪಿದರೆ ತಪ್ಪಿತು.

ಪುಟಕ್ಕೊಂದು ನಿಮಿಷವೆಂಬ ಲೆಕ್ಕ ನಿಲ್ಲುವುದು ಕೊರಿಯರ್ ಅಕ್ಷರದ 12 ಪಾಯಿಂಟ್ ಅಳತೆ ಮತ್ತು ಹಾಲಿವುಡ್‌ನವರದೇ ಅಂಚುಗಳ ಮೇಲೆ. ನಾನು ಸಹಾಯಕನಾಗಿದ್ದಾಗ ಕಂಡ ಚಿತ್ರಕಥೆಗಳಲ್ಲಿ ಹಾಳೆಯ ಎಡಗಡೆ ಕ್ರಿಯೆ, ಬಲಗಡೆ ಮಾತು, ಅದೂ ಕೈಬರಹದಲ್ಲಿ ಇರುತ್ತಿತ್ತು. ಅಲ್ಲಿ ಈ ಲೆಕ್ಕವನ್ನು ಯಾವ ಪುಟಕ್ಕೆ ಹಚ್ಚುವುದು? ಯಕ್ಷಗಾನದ ಪ್ರಸಂಗಗಳಲ್ಲಂತೂ ಬರೆದಿರುವುದು ಪದ್ಯ ಮಾತ್ರ, ಅರ್ಥ, ಅಂದರೆ ಪಾತ್ರಧಾರಿಗಳ ಮಾತು, ಹುಟ್ಟುವುದು ರಂಗದ ಮೇಲೆ. ಕೇಳ್ಮೆಯನ್ನು ನಂಬಿದ ಬರವಣಿಗೆ ನಮಗೆ ಹೊಸದೇನಲ್ಲ.

ಇಂಟರ್‌ವಲ್ ವಿಷಯ ಇನ್ನೂ ಸ್ವಾರಸ್ಯಕರ. ಫೀಲ್ಡ್ ಅವರ ಮೊದಲ ಪುಸ್ತಕದಲ್ಲಿ ನಡುವಿನ 60 ಪುಟಗಳಿಗೆ ಊರುಗೋಲೇ ಇರಲಿಲ್ಲ. ವಿದ್ಯಾರ್ಥಿಗಳು ಅಲ್ಲಿಯೇ ದಾರಿ ತಪ್ಪುವುದನ್ನು ಕಂಡ ಮೇಲೆ, 1984ರ ಅಭ್ಯಾಸ ಪುಸ್ತಕದಲ್ಲಿ ಅವರು ಕಥೆಯ ಮಧ್ಯಬಿಂದು ಎಂಬುದೊಂದನ್ನು ಸೇರಿಸಿದರು. ಅವರು ಪಾಠ ಹೇಳುತ್ತಾ ಹೇಳುತ್ತಾ ಕಂಡುಕೊಂಡದ್ದು ನಮ್ಮ ಚಿತ್ರಮಂದಿರದ ಕ್ಯಾಂಟೀನಿನವನಿಗೆ ಮೊದಲಿನಿಂದಲೂ ತಿಳಿದಿತ್ತು. ಪ್ರೇಕ್ಷಕ ಎದ್ದು ಹೊರಗೆ ಹೋಗಿ, ಬೋಂಡಾ ತಿಂದು, ಪಕ್ಕದವನೊಂದಿಗೆ ಮಾತಾಡಿ, ಮತ್ತೆ ಬಂದು ಕೂರಬೇಕಾದ ಸಿನಿಮಾದಲ್ಲಿ ಮೂರು ಅಂಕಗಳಿಗಿಂತ ಎರಡು ಅರ್ಧಗಳೇ ಗಟ್ಟಿ ಸತ್ಯ.

ಹಾಗೆಂದು ಇವನ್ನೆಲ್ಲ ರದ್ದಿಗೆ ಹಾಕಿ ಎಂದು ನಾನು ಹೇಳುವವನಲ್ಲ. ರಾಬರ್ಟ್ ಮೆಕೀ ಅವರ 1997ರ 'ಸ್ಟೋರಿ' ಉಪನ್ಯಾಸದ ಗತ್ತಿನಲ್ಲಿ ಸಾಗುವ ದಪ್ಪ ಪುಸ್ತಕ. ಆದರೆ ಅದರ ಎರಡು ವಿಚಾರಗಳು ನನ್ನ ಕೈಬಿಟ್ಟಿಲ್ಲ. ದೃಶ್ಯ ಶುರುವಾದಾಗ ಪಾತ್ರದ ಬದುಕು ಎಲ್ಲಿತ್ತೋ ಮುಗಿದಾಗಲೂ ಅಲ್ಲೇ ಇದ್ದರೆ ಆ ದೃಶ್ಯ ಏಕಿದೆ ಎಂದು ಕೇಳಿಕೊಳ್ಳಬೇಕು ಎಂಬುದೊಂದು. ಪಾತ್ರ ನಿರೀಕ್ಷಿಸಿದ್ದಕ್ಕೂ ಲೋಕ ಕೊಟ್ಟ ಉತ್ತರಕ್ಕೂ ನಡುವೆ ಬಿರುಕು ಬಿಡುವ ಕಡೆಯಲ್ಲೇ ಕಥೆ ಚಲಿಸುತ್ತದೆ ಎಂಬುದು ಇನ್ನೊಂದು. ನನ್ನ ಬ್ಯಾಂಕಿನ ದೃಶ್ಯವನ್ನು ವರ್ಷದ ನಂತರ ಈ ಒರೆಗೆ ಹಚ್ಚಿದೆ. ಸಾಲ ಸಿಗಲಿಕ್ಕಿಲ್ಲ ಎಂಬ ಅಳುಕಿನಿಂದ ನಾಯಕ ಹೋಗುತ್ತಾನೆ. ಮ್ಯಾನೇಜರ್ ಕಡತ ತೆಗೆದು, ಅವನ ಮನೆಯ ಜಮೀನಿನ ಪತ್ರ ಆರು ವರ್ಷದಿಂದ ಅಡಮಾನದಲ್ಲೇ ಇದೆಯೆಂದು ಹೇಳಿ, ಅವನ ತಾಯಿಯ ಸಹಿ ತೋರಿಸುತ್ತಾರೆ. ಇಂಟರ್‌ವಲ್ ಅಲ್ಲೇ ಬಿದ್ದಿತ್ತು, ನಾನು ನೋಡಿರಲಿಲ್ಲ. ಪುಸ್ತಕ ನೆರವಾದದ್ದು ನಿಜ. ಆದರೆ ಅದು ನೆರವಾದದ್ದು ತಿದ್ದುವಾಗ, ಬರೆಯುವಾಗಲ್ಲ.

ನನ್ನ ತಕರಾರು ಇರುವುದು ಬ್ಲೇಕ್ ಸ್ನೈಡರ್ 2005ರಲ್ಲಿ ಬರೆದ 'ಸೇವ್ ದಿ ಕ್ಯಾಟ್' ಪುಸ್ತಕವನ್ನು ಪಂಚಾಂಗದಂತೆ ಹಿಡಿದು ಕೂರುವವರ ಬಗ್ಗೆ. ಅದರಲ್ಲಿ 110 ಪುಟಗಳ ಚಿತ್ರಕಥೆಗೆ 15 ಮಜಲುಗಳು. 12ನೇ ಪುಟಕ್ಕೆ ಪ್ರಚೋದನೆ, 55ಕ್ಕೆ ಮಧ್ಯಬಿಂದು, 75ಕ್ಕೆ ಸರ್ವನಾಶ. ಆ ಸರ್ವನಾಶದ ಗಳಿಗೆಯಲ್ಲಿ ಸಾವಿನ ವಾಸನೆ ಸುಳಿಯಬೇಕೆಂಬ ಸಲಹೆಯೂ ಇದೆ. ಇದರ ಫಲವಾಗಿ, ಕಿರಿಯರು ಓದಲು ಕೊಡುವ ಚಿತ್ರಕಥೆಗಳಲ್ಲಿ 75ನೇ ಪುಟ ಹತ್ತಿರವಾದಂತೆ ನನಗೆ ನಾಯಕನ ತಾತನ ಆರೋಗ್ಯದ ಚಿಂತೆ ಹತ್ತುತ್ತದೆ. ಅದುವರೆಗೆ ಜಗಲಿಯ ಮೇಲೆ ಎಲೆಯಡಿಕೆ ಮೆಲ್ಲುತ್ತಾ ಆರಾಮವಾಗಿದ್ದ ಮನುಷ್ಯ, ಕಥೆಗೆ ಯಾವ ಅಗತ್ಯವೂ ಇಲ್ಲದೆ, ಪುಟಸಂಖ್ಯೆಯ ಗೌರವಾರ್ಥ ತೀರಿಕೊಳ್ಳುತ್ತಾರೆ. ಇದಕ್ಕೆ ಪ್ರತಿಯಾಗಿ ನಾಟ್ಯಶಾಸ್ತ್ರದ ಐದು ಸಂಧಿಗಳನ್ನು, ಅಂದರೆ ಕಥೆಯ ಐದು ಹಂತಗಳನ್ನು, ಮುಂದಿಟ್ಟು, ಎಲ್ಲವೂ ನಮ್ಮಲ್ಲೇ ಇತ್ತು ಎನ್ನುವವರೂ ಇದ್ದಾರೆ. ಮೊದಲ ಸಂಧಿಯಾದ ಮುಖದಿಂದ ಕೊನೆಯದಾದ ನಿರ್ವಹಣದವರೆಗೆ ಕೋಷ್ಟಕ ಹಾಕಿ ತುಂಬಿಸುತ್ತಾ ಕೂತರೆ, ಅಲ್ಲಿಯೂ ತಾತ ಉಳಿಯುವುದಿಲ್ಲ.

ಈಗ ಕೇಳಿದವರಿಗೆ ನಾನು ಹೇಳುವ ಕ್ರಮ ಹೀಗಿದೆ. ಮೊದಲ ಕರಡು ಮುಗಿಯುವವರೆಗೆ ಯಾವ ಗೈಡೂ ಬೇಡ. ಅದರ ಬದಲು ಇಷ್ಟವಾದ ಒಂದು ಸಿನಿಮಾವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಪ್ರತಿ ದೃಶ್ಯಕ್ಕೂ ಒಂದೊಂದು ಸಾಲು ಬರೆಯಿರಿ: ಯಾರು ಏನು ಬಯಸಿದರು, ಕೊನೆಗೆ ಏನು ಬದಲಾಯಿತು. ನನಗೆ ಒಂದು ಸಿನಿಮಾಕ್ಕೆ ಮೂರು ದಿನ ಹಿಡಿಯಿತು. ಕರಡು ಮುಗಿದ ಮೇಲೆ ಮೆಕೀ ಅವರನ್ನು ತೆರೆಯಿರಿ, ಫೀಲ್ಡ್ ಅವರನ್ನೂ ತೆರೆಯಿರಿ.

ನರೇಷನ್‌ಗೆ, ಅಂದರೆ ಕಥೆಯನ್ನು ಎದುರು ಕೂತು ಹೇಳುವುದಕ್ಕೆ, ಮಾತ್ರ ನನಗೆ ಇದುವರೆಗೆ ಯಾವ ಪುಸ್ತಕವೂ ಒದಗಿಲ್ಲ. ಹಾಗಾಗಿ ತಿದ್ದಿದ ಆ ಚಿತ್ರಕಥೆಯನ್ನು ಮೊದಲು ಹೇಳಿದ್ದು ನನ್ನ ಸೋದರತ್ತೆಗೆ. ಅವರು ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬ್ಯಾಂಕಿನ ದೃಶ್ಯಕ್ಕೆ ಬಂದಾಗ ಅವರ ಕೈ ನಿಂತಿತು. ನಾನು ಒಳಗೊಳಗೇ ಹಿಗ್ಗಿದೆ. ಮುಂದಿನ ಮುಕ್ಕಾಲು ಗಂಟೆ ಅವರು ಸುಲಿಯುತ್ತಲೇ ಹೋದರು, ಕಥೆ ಮುಗಿದ ಮೇಲೆ ತಲೆ ಎತ್ತಿ, "ಎಲ್ಲಾ ಸರಿ, ಸಹಿ ಹಾಕಿದ್ಲಲ್ಲಾ ಅವನ ತಾಯಿ, ಅವಳು ಆಮೇಲೆ ಏನಾದ್ಲಪ್ಪಾ?" ಎಂದರು. ಎರಡನೆಯ ಅರ್ಧದಲ್ಲಿ ಆಕೆಗೆ ನಾನು ಒಂದು ದೃಶ್ಯವನ್ನೂ ಬರೆದಿರಲಿಲ್ಲ.