ಫ್ಯಾನು ಯಾರ ಕಡೆಗೆ?

ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುವಾಗಲೇ ಮತ್ತೆ ಬೆವರಿಳಿದು, ಟವೆಲ್ಲಿಗೆ ಹತ್ತಿದ್ದು ನೀರೋ ಬೆವರೋ ಎಂದು ತಿಳಿಯದ ಕಾರವಾರದ ಮೇ ತಿಂಗಳಲ್ಲಿ, ಎಲ್ಲರೂ ಎದ್ದ ಕೂಡಲೇ ಮುಖ ತೊಳೆದರೆ ನಾನು ಥರ್ಮಾಮೀಟರ್ ನೋಡುತ್ತೇನೆ. ಇಂದು ಬೆಳಿಗ್ಗೆ ಅದು 26 ತೋರಿಸುತ್ತಿತ್ತು. ಇರಬೇಕಾದದ್ದು 16ರಿಂದ 18.

ಜ್ವರ ಮನೆಯಲ್ಲಿ ಯಾರಿಗೂ ಇಲ್ಲ. ಥರ್ಮಾಮೀಟರ್ ಇರುವುದು ಗಾಜಿನ ತೊಟ್ಟಿಯೊಳಗೆ, ಮಗಳ ಆಕ್ಸೊಲಾಟಲ್ ಎಂಬ ಹಲ್ಲಿಯಾಕಾರದ ಜಲಚರದ ಪಕ್ಕದಲ್ಲಿ. ಬೆಂಗಳೂರಿನಲ್ಲಿ ಓದುವಾಗ ಸಾಕಿಕೊಂಡಿದ್ದ ಅದನ್ನು, ಪುಣೆಯಲ್ಲಿ ಕೆಲಸ ಸಿಕ್ಕಿತೆಂದು ಡಿಸೆಂಬರಿನಲ್ಲಿ ತಂದು, "ಒಂದೇ ತಿಂಗಳು ಅಪ್ಪಾ" ಎಂದು ಬಿಟ್ಟುಹೋದಳು. ಡಿಸೆಂಬರಿನಲ್ಲಿ ಎಲ್ಲವೂ ಸುಲಭವಾಗಿಯೇ ಕಾಣುತ್ತದೆ. ಇದರ ತವರು ಮೆಕ್ಸಿಕೋ ನಗರದ ಸೊಚಿಮಿಲ್ಕೊ, ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರ. ನಮ್ಮ ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷದ ನಡಿಗೆ. 1864ರಲ್ಲಿ ಮೆಕ್ಸಿಕೋದಿಂದ 34 ಆಕ್ಸೊಲಾಟಲ್‌ಗಳನ್ನು ಪ್ಯಾರಿಸ್ಸಿಗೆ ಸಾಗಿಸಿದರಂತೆ. ಆ ಪಯಣ ಅಲ್ಲಿಗೇ ಮುಗಿದಿದ್ದರೆ ನನಗೆ ಈ ಬವಣೆ ಇರುತ್ತಿರಲಿಲ್ಲ.

ಮೈ ಬೆಳ್ಳಗೆ, ಕುತ್ತಿಗೆಯ ಎರಡೂ ಬದಿಗೆ ಗುಲಾಬಿ ಬಣ್ಣದ ಕುಚ್ಚಿನಂಥ ಕಿವಿರು, ಮುಖದಲ್ಲಿ ಸದಾ ಒಂದು ಮುಗುಳ್ನಗೆ. ಸೆಖೆ ಹೆಚ್ಚಾದರೆ ಕಿವಿರು ಮುಂದಕ್ಕೆ ಬಾಗುತ್ತದೆ, ಬಾಲದ ತುದಿ ಸುರುಳಿಯಾಗುತ್ತದೆ, ಎರೆಹುಳು ಮೂಗಿನೆದುರು ಕುಣಿದರೂ ಬಾಯಿ ತೆರೆಯುವುದಿಲ್ಲ. ಆದರೆ ನಗೆ ಮಾತ್ರ ಹಾಗೆಯೇ ಇರುತ್ತದೆ. ನಡುರಾತ್ರಿ ಬಾಟಲಿ ಬದಲಿಸುತ್ತಿರುವವನಿಗೆ ಆ ನಗೆ ಸಹಿಸಲಸಾಧ್ಯ.

ಬಾಟಲಿ ಎಂದರೆ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿದ ಒಂದು ಲೀಟರಿನ ನೀರಿನ ಬಾಟಲಿ. ಅದನ್ನು ತೊಟ್ಟಿಯಲ್ಲಿ ತೇಲಿಬಿಟ್ಟರೆ 80 ಲೀಟರ್ ನೀರು ಒಂದೂವರೆ ಡಿಗ್ರಿಯೂ ಇಳಿಯುವುದಿಲ್ಲ. 29ರಿಂದ 18ಕ್ಕೆ ತರಲು ಎಂಟು ಕಿಲೋ ಮಂಜುಗಡ್ಡೆಯಾದರೂ ಬೇಕೆಂದು ಹಳೆಯ ಭೌತಶಾಸ್ತ್ರವನ್ನು ನೆನಪಿಸಿಕೊಂಡು ಲೆಕ್ಕ ಹಾಕಿದೆ. ಅಷ್ಟಕ್ಕೆ ಫ್ರೀಜರಿನಲ್ಲಿ ಜಾಗವೆಲ್ಲಿ? ಜೂನ್ 1ರಿಂದ ಯಾಂತ್ರಿಕ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧವಾದ್ದರಿಂದ ನನ್ನ ಹೆಂಡತಿ ಈಗಿನಿಂದಲೇ ಅಲ್ಲಿ ಬಂಗಡೆಯನ್ನೂ ಶೆಟ್ಲಿಯನ್ನೂ ಪೇರಿಸಿಟ್ಟಿದ್ದಾಳೆ. ಬಾವಿಯ ನೀರಾದರೂ ತಂಪಲ್ಲವೇ ಎಂದು ಅಳೆದು ನೋಡಿದರೆ 27. ತೊಟ್ಟಿಯ ನೀರು ತಂಪು ಮಾಡುವ ಚಿಲ್ಲರ್ ಯಂತ್ರದ ಬೆಲೆ ಕೇಳಿ ಫೋನು ಕೆಳಗಿಟ್ಟೆ.

ಉಳಿದದ್ದು ಫ್ಯಾನು. ನೀರಿನ ಮೇಲೆ ಗಾಳಿ ಬೀಸಿದರೆ ನೀರು ಆವಿಯಾಗುತ್ತ ತಣಿಯುತ್ತದೆ ಎಂಬುದು ಒಣಹವೆಯ ಊರುಗಳಲ್ಲಿ ಚೆನ್ನಾಗಿ ನಡೆಯುವ ಶಾಸ್ತ್ರ. ಒಗೆದ ಬನಿಯನ್ನು ಒಣಗಲು ಎರಡು ದಿನ ಬೇಕಾಗುವ ನಮ್ಮೂರಿನಲ್ಲಿ ತೊಟ್ಟಿಯ ನೀರಿಗೆ ಆವಿಯಾಗುವ ಉತ್ಸಾಹವಿರುವುದಿಲ್ಲ. ಆದರೂ ಬೆಳಿಗ್ಗೆ ಫ್ಯಾನಿಟ್ಟಾಗ ಒಂದೂವರೆ ಡಿಗ್ರಿ ಇಳಿಯುತ್ತಿತ್ತು. ಸಂಜೆ ಕಚೇರಿಯಿಂದ ಬಂದು ನೋಡಿದರೆ ಇಳಿದಿದ್ದಷ್ಟೂ ಏರಿರುತ್ತಿತ್ತು. ಕರೆಂಟ್ ಹೋಗಿತ್ತೇ ಎಂದು ಕೇಳಿದರೆ ಆಯಿ, ಅಂದರೆ ನನ್ನ ಅಮ್ಮ, ಇಲ್ಲವೆನ್ನುತ್ತಿದ್ದಳು. ಥರ್ಮಾಮೀಟರನ್ನೇ ಅನುಮಾನಿಸಿ ಬೇರೆಯದನ್ನು ತಂದೆ. ಎರಡೂ ಒಂದೇ ಮಾತು ಹೇಳಿದವು.

ಮೊನ್ನೆ ಮಂಗಳವಾರ ಸ್ಕೂಟರ್ ಪಂಕ್ಚರ್ ಆಗಿ, ತಲೆಯೂ ನೋಯುತ್ತಿದ್ದುದರಿಂದ ಮೂರು ಗಂಟೆಗೇ ನಡೆದುಕೊಂಡು ಮನೆಗೆ ಬಂದೆ. ತೊಟ್ಟಿಯ ಪಕ್ಕಕ್ಕೆ ತನ್ನ ಬೆತ್ತದ ಕುರ್ಚಿಯನ್ನು ಎಳೆದುಕೊಂಡು, ಸೆರಗನ್ನು ಹೆಗಲಿನಿಂದ ಸ್ವಲ್ಪ ಜಾರಿಸಿ, ಕಣ್ಣು ಮುಚ್ಚಿ ಆಯಿ ಕುಳಿತಿದ್ದಳು. ಫ್ಯಾನು ಪೂರ್ತಿ ಅವಳ ಕಡೆಗಿತ್ತು. ಅವಳ ಕೈಗೆ ಫ್ಯಾನು ಎಟುಕುವುದಿಲ್ಲ, ಅದಕ್ಕೆಂದೇ ತೆಂಗಿನ ಗರಿಯ ಕಡ್ಡಿಗಳ ಹಿಡಿಸೂಡಿಯೊಂದು ತೊಡೆಯ ಮೇಲೆ ಸಿದ್ಧವಾಗಿತ್ತು. ದಿನವೂ ನನ್ನ ಸ್ಕೂಟರ್ ಹೊರಟ ಸದ್ದು ಕೇಳಿದ ಮೇಲೆ ಅದರ ಹಿಡಿಯಿಂದ ಫ್ಯಾನಿನ ಮುಖವನ್ನು ತನ್ನತ್ತ ತಿರುಗಿಸಿಕೊಳ್ಳುವುದು, ಸಂಜೆ ಗೇಟಿನಲ್ಲಿ ಸ್ಕೂಟರ್ ನಿಂತ ಸದ್ದಿಗೆ ಮೆಲ್ಲಗೆ ತೊಟ್ಟಿಯತ್ತ ನೂಕುವುದು. ಹದಿನೈದು ದಿನ ಒಮ್ಮೆಯೂ ತಪ್ಪಿಲ್ಲದೆ ನಡೆಸಿದ ಈ ವ್ಯವಹಾರ ಒಂದು ಪಂಕ್ಚರಿನಿಂದ ಬಯಲಾಯಿತು.

"ಆಯಿ, ಅದು ಸತ್ತುಹೋಗ್ತದೆ" ಎಂದೆ.

ಅವಳು ಕಣ್ಣು ತೆರೆದು ತೊಟ್ಟಿಯನ್ನೂ ನನ್ನನ್ನೂ ನೋಡಿದಳು. "ನಿನ್ನ ಹಲ್ಲಿ ನೀರಲ್ಲೇ ಇರ್ತದೆ ತಮಾ. ನಾನು ಎಲ್ಲಿರ್ಲಿ?"

ಇದು ಹಲ್ಲಿಯಲ್ಲ, ಕಪ್ಪೆಯ ದೂರದ ಸಂಬಂಧಿ, ಆಯುಷ್ಯವಿಡೀ ಮರಿಯ ರೂಪದಲ್ಲೇ ಉಳಿದುಬಿಡುವ ಅಪರೂಪದ ಪ್ರಾಣಿ ಎಂದೆಲ್ಲ ಹೇಳಲು ಹೊರಟೆ. "ಎಷ್ಟು ವರ್ಷ ಆದರೂ ಬೆಳೆಯೂದಿಲ್ವಾ?" ಎಂದು ಕೇಳಿದವಳು, ಉತ್ತರಕ್ಕೆ ಕಾಯದೆ ನನ್ನನ್ನೇ ನೋಡಿದಳು.

ಅವಳಿಗೆ ಉತ್ತರ ಕೊಡುವ ಬಾಯಿ ನನಗಿರಲಿಲ್ಲ. ಹಳೆಯ ಹೆಂಚಿನ ಮನೆಯಲ್ಲಿ, ಸಗಣಿ ಸಾರಿಸಿದ ನೆಲದ ಮೇಲೆ ಬರಿ ಚಾಪೆ ಹಾಸಿ ಅವಳು ಮಧ್ಯಾಹ್ನ ನಿದ್ದೆ ಹೋಗುತ್ತಿದ್ದಳು. ಅಪ್ಪ ಹೋದ ಎರಡನೆಯ ವರ್ಷ, ಅವಳು ಬೇಡವೆಂದರೂ ಕೇಳದೆ, ಅದನ್ನು ಕೆಡವಿ ತಾರಸಿ ಮನೆ ಕಟ್ಟಿಸಿದವನು ನಾನೇ. ಹಗಲೆಲ್ಲ ಬಿಸಿಲು ಕುಡಿದ ಈ ಸ್ಲ್ಯಾಬು ರಾತ್ರಿ ಎರಡು ಗಂಟೆಯವರೆಗೂ ಅದನ್ನು ನಮ್ಮ ಮೇಲೆ ಉಗುಳುತ್ತದೆ. ಅವಳು ಒಮ್ಮೆಯೂ ಆ ಮಾತನ್ನು ಎತ್ತಿಲ್ಲ, ಅದೇ ಕಷ್ಟ.

ಬುಧವಾರ ಆಯಿಗೆಂದೇ ಹೊಸ ಟೇಬಲ್ ಫ್ಯಾನ್ ತಂದೆ. ಅದರ ಗಾಳಿ ಒರಟು ಎಂದಳು. ತೊಟ್ಟಿಯ ಗಾಳಿಯೇ ಹಿತವೆಂದಾದರೆ ಹಾಗೇ ಆಗಲಿ ಎಂದು, ಬೀಸಿದ ಗಾಳಿ ನೀರನ್ನು ಸವರಿಕೊಂಡೇ ಅವಳಿಗೆ ತಲುಪುವಂತೆ ಕುರ್ಚಿಯನ್ನು ಆಚೆ ಬದಿಗೆ ಹಾಕಿದೆ. ಎರೆಹುಳುವಿನ ವಾಸನೆ ಬರುತ್ತದೆಂದು ಗೊಣಗಿದಳಾದರೂ ಒಪ್ಪಿದಳು. ಹಿಡಿಸೂಡಿಯನ್ನು ತಾನೇ ಅಡುಗೆಮನೆಯ ಮೂಲೆಗೆ ಇಟ್ಟು ಬಂದಳು.

ಇಂದು ಸಂಜೆ ಬಂದು ನೋಡಿದರೆ ಫ್ಯಾನು ಇಟ್ಟಲ್ಲೇ ಇತ್ತು, ತೊಟ್ಟಿಯತ್ತಲೇ ಬೀಸುತ್ತಿತ್ತು. ಥರ್ಮಾಮೀಟರ್ 27 ತೋರಿಸುತ್ತಿತ್ತು. ಮಧ್ಯಾಹ್ನದ ಪಾಳಿಗೆಂದು ಹೆಂಡತಿ ತೇಲಿಬಿಟ್ಟಿದ್ದ ಬಾಟಲಿ ನೀರಿನಲ್ಲಿರಲಿಲ್ಲ. ಬೆತ್ತದ ಕುರ್ಚಿಯಲ್ಲಿ ಆಯಿ ಗಾಢ ನಿದ್ದೆಯಲ್ಲಿದ್ದಳು. ಅವಳ ಎರಡೂ ಪಾದಗಳ ಅಡಿಗೆ, ನನ್ನ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಬಾಟಲಿ ಸಣ್ಣಗೆ ನೀರು ಬಿಡುತ್ತಿತ್ತು. ನಾನು ಸದ್ದು ಮಾಡದೆ ಅಡುಗೆಮನೆಗೆ ಹೋಗಿ, ಬಂಗಡೆಗಳನ್ನು ಸರಿಸಿ, ಇನ್ನೊಂದು ಬಾಟಲಿಗಾಗಿ ಫ್ರೀಜರಿನ ತಳವನ್ನು ತಡಕಾಡಿದೆ.