ಸೆಫಿಕ್ಸಿಮ್ ಜೊತೆಗೊಂದು ಬ್ಯಾಕ್ಟೀರಿಯಾ

ಇಮ್ಯುನಿಟಿ ಹೆಚ್ಚಿಸದ ವಸ್ತು ಅಂಗಡಿಯಲ್ಲಿ ಇನ್ನು ಫಿನಾಯಿಲ್ ಒಂದೇ ಉಳಿದಿರಬೇಕು. ಬಿಸ್ಕತ್ತು, ಜ್ಯೂಸು, ಅಡುಗೆ ಎಣ್ಣೆ ಎಲ್ಲವೂ ಹೆಚ್ಚಿಸುತ್ತಿವೆ. ಹೆಚ್ಚಿ ಹೆಚ್ಚಿ ಮೈಮೇಲೆ ಬಂದರೆ ಅದಕ್ಕೆ ಅಲರ್ಜಿ, ಆಸ್ತಮಾ ಎನ್ನುತ್ತಾರೆಂಬುದು ಪೊಟ್ಟಣದ ಮೇಲೆ ಬರೆಯಲು ಜಾಗ ಸಾಲಲಿಲ್ಲವೇನೋ.

ಇಡ್ಲಿಯೂ ಪ್ರೋಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ ಇರುವ ತಿನಿಸು ಅಂತೆ. ವಾಟ್ಸ್ಯಾಪ್ ವೈದ್ಯರ ಅಪ್ಪಣೆ. ರಾತ್ರಿಯೆಲ್ಲ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಹಿಟ್ಟು ಉಬ್ಬಿಸಿದ್ದು ನಿಜ; ಬೆಳಿಗ್ಗೆ ಹತ್ತು ನಿಮಿಷದ ಹಬೆಯಲ್ಲಿ ಅದರ ಕಥೆ ಮುಗಿಯುತ್ತದೆ. ತಟ್ಟೆಗೆ ಬರುವುದು ಹುತಾತ್ಮರ ಸ್ಮಾರಕ. ಚಟ್ನಿ ಜೊತೆ ಚೆನ್ನಾಗಿರುತ್ತದೆ, ಅದು ಬೇರೆ ಮಾತು. ಕುದಿಸಿದ ಮಜ್ಜಿಗೆ ಹುಳಿಯದೂ ಇದೇ ಹಣೆಬರಹ. ಜೀವ ಇರುವುದೇ ಬೇಕೆಂದರೆ ಮೊಸರು: ಅರ್ಧ ಲೀಟರ್ ಹಾಲು ಕಾಯಿಸಿ, 40 ಡಿಗ್ರಿ ಆಸುಪಾಸಿಗೆ, ಅಂದರೆ ಬೆರಳು ತಡೆಯುವಷ್ಟು ಬೆಚ್ಚಗೆ ಇಳಿದ ಮೇಲೆ ಒಂದು ಚಮಚ ಹೆಪ್ಪು. ಅವಸರಪಟ್ಟು ಕುದಿಹಾಲಿಗೆ ಹಾಕಿದರೆ ಹೆಪ್ಪು ಸತ್ತು, ಬೆಳಿಗ್ಗೆ ಹಾಲು ಹಾಲಾಗಿಯೇ ಕೂತಿರುತ್ತದೆ. ಮೊಸರನ್ನಕ್ಕೂ ಅನ್ನ ಆರಲೇಬೇಕು.

ಇನ್ನು ಕರುಳಿನ ಹಳೇ ಒಕ್ಕಲುಗಳಿಗೆ, ಅಂದರೆ ಅಲ್ಲೇ ಬೀಡುಬಿಟ್ಟ ಬ್ಯಾಕ್ಟೀರಿಯಾಗಳಿಗೆ, ಬೇಕಾದದ್ದು ನಾರು. ಅದನ್ನು ಹುದುಗಿಸಿ ಅವು ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ಮಾಡುತ್ತವೆ. ಕರುಳಿನ ಗೋಡೆಗೆ ಅದೇ ಊಟ, ರೋಗನಿರೋಧಕ ಕಣಗಳಿಗೆ ಅದೇ ಮೂಗುದಾರ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3ರ ಹತ್ತಿರ. ಆದರೆ ಮುದ್ದೆಗೆ ಜಾಹೀರಾತು ಕೊಡುವವರು ಯಾರು?

ಈಗ ಮೆಡಿಕಲ್ ಶಾಪಿಗೆ ಬನ್ನಿ. ನೆಗಡಿ ತರುವುದು ವೈರಸ್, ಆಂಟಿಬಯಾಟಿಕ್ಕಿಗೆ ಅಲ್ಲಿ ಕೆಲಸವೇ ಇಲ್ಲ. ಆದರೂ ವೈದ್ಯರ ಚೀಟಿ ಕೇಳದೆ ಸೆಫಿಕ್ಸಿಮ್ ಎಂಬ ಆಂಟಿಬಯಾಟಿಕ್ ಕೊಡುವ ಔದಾರ್ಯ! ಜೊತೆಗೆ "ಹೊಟ್ಟೆ ಕೆಡದಿರಲಿ" ಎಂದು ಪ್ರೋಬಯಾಟಿಕ್ ಕ್ಯಾಪ್ಸೂಲ್. ಕಾಡಿಗೆ ಬೆಂಕಿಯಿಟ್ಟವನೇ ಒಂದು ಸಸಿ ನೆಟ್ಟು ವನಮಹೋತ್ಸವ ಮಾಡಿದ ಹಾಗೆ. ಆಂಟಿಬಯಾಟಿಕ್ಕಿನಿಂದ ಬರುವ ಭೇದಿಗೆ ಪ್ರೋಬಯಾಟಿಕ್‌ನ ಕೆಲವು ತಳಿಗಳು ನೆರವಾಗುತ್ತವೆ, ಒಪ್ಪೋಣ. ಆದರೆ 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಣ್ಣ ಅಧ್ಯಯನವೊಂದರಲ್ಲಿ, ಆಂಟಿಬಯಾಟಿಕ್ ಮುಗಿದ ಮೇಲೆ 11 ತಳಿಗಳ ಪ್ರೋಬಯಾಟಿಕ್ ನುಂಗಿದವರ ಕರುಳಿಗೆ ಹಳೇ ಒಕ್ಕಲು ಮರಳಿದ್ದು ಏನೂ ನುಂಗದವರಿಗಿಂತ ತಡವಾಗಿ. ಬಂದ ನೆಂಟರು ಮಂಚ ಬಿಡಲಿಲ್ಲ.

ಕಾನೂನು ಇಲ್ಲವೆಂದಲ್ಲ. ಸೆಫಿಕ್ಸಿಮ್ ಶೆಡ್ಯೂಲ್ ಎಚ್1ರಲ್ಲಿದೆ, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿ. 2014ರಿಂದ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಯಾರು ಬರೆಯುತ್ತಾರೆ, ಯಾರು ನೋಡುತ್ತಾರೆ? ತಮಾಷೆ ಮಾಡಿ ಮಾಡಿ ಸಾಕಾಗಿದೆ. ಹೀಗೆ ಕೊಟ್ಟೂ ಕೊಟ್ಟೂ ಬ್ಯಾಕ್ಟೀರಿಯಾ ಪಳಗಿ, ನಾಳೆ ನಿಜವಾದ ಸೋಂಕು ಬಂದ ಮಗುವಿಗೆ ಇದೇ ಔಷಧ ಕೆಲಸ ಮಾಡದೆ ಹೋಗುತ್ತದೆ, ಗೊತ್ತಿದ್ದೂ ಕೊಡುತ್ತಾರೆ. "ಎರಡೇ ಮಾತ್ರೆ ಸಾಕು" ಎಂದರೆ ಮಾತ್ರೆ ಪಟ್ಟಿ ತುಂಡರಿಸಲು ಕತ್ತರಿಯೂ ಸಿದ್ಧ. ಎಚ್ಚರಿಕೆ ಅಚ್ಚಾದ ತುಂಡು ಡಬ್ಬಿಯಲ್ಲೇ ಉಳಿಯುತ್ತದೆ.