ಬಿದಿರಿನ ಬಟ್ಟೆ ಅಂದರೆ ಸಾಕಾ?

ಲೇಬಲ್ ಮೇಲೊಂದು ಹಸಿರು ಎಲೆ, ಪಕ್ಕದಲ್ಲಿ ‘ಬಿದಿರಿನ ಬಟ್ಟೆ’ ಎಂಬ ಬರಹ. ಇದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಯಾವ ಗಿಡ ಎಂದು ದೊಡ್ಡದಾಗಿ ಹೇಳುತ್ತಾರೆ. ಅದನ್ನು ಯಾವುದರಲ್ಲಿ ಕರಗಿಸಿದರು ಎಂದು ಹೇಳುವುದೇ ಇಲ್ಲ. ನಾವು ಕೇಳಬೇಕಾದ್ದು ಅದನ್ನೇ ಅಲ್ವಾ?

ಹತ್ತಿಯ ನಾರು ಗಿಡದಲ್ಲೇ ಸಿದ್ಧವಾಗಿ ಸಿಗುತ್ತದೆ. ಮರ, ಬಿದಿರಿನಿಂದ ಮೆತ್ತನೆಯ ಬಟ್ಟೆ ಬೇಕೆಂದರೆ ಮೊದಲು ಪಲ್ಪ್, ಅಂದರೆ ತಿರುಳು ಮಾಡಬೇಕು. ಅದರ ಸೆಲ್ಯುಲೋಸನ್ನು, ಅಂದರೆ ಗಿಡದ ನಾರಿನ ಮೂಲ ವಸ್ತುವನ್ನು ಕರಗಿಸಿ, ಸಣ್ಣ ಸಣ್ಣ ತೂತುಗಳಿಂದ ಹೊರಗೆ ಒತ್ತಿ, ಮತ್ತೆ ನಾರು ಮಾಡಬೇಕು. ಅಷ್ಟೆಲ್ಲ ಆದಮೇಲೆ ಬಿದಿರಿನ ಗುಣ ಅಂತ ಏನು ಉಳಿದೀತು? ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಇಂಥ ಬಟ್ಟೆಯನ್ನು ಬರೀ ‘ಬಿದಿರು’ ಎಂದು ಮಾರಿದವರ ಮೇಲೆ 2009ರಲ್ಲೇ ಕ್ರಮ ಕೈಗೊಂಡಿತು. ಅಲ್ಲಿ ‘ಬಿದಿರಿನಿಂದ ಮಾಡಿದ ರೇಯಾನ್’ ಎಂದೇ ಬರೆಯಬೇಕು. ಹೀಗೆ ಕರಗಿಸಿ ಮತ್ತೆ ಮಾಡಿದ ನಾರಿಗೆ ರೇಯಾನ್ ಅನ್ನುತ್ತಾರೆ.

ರೇಯಾನ್‌ಗಳಲ್ಲಿ ಹೆಚ್ಚು ಸಿಗುವುದು ವಿಸ್ಕೋಸ್. ಇಂಗ್ಲೆಂಡಿನಲ್ಲಿ 1892ರಲ್ಲಿ ಪೇಟೆಂಟ್ ಆದ ವಿಧಾನ. ಇದಕ್ಕೆ ಬಳಸುವ ರಾಸಾಯನಿಕಗಳು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್, ಕೊನೆಗೆ ಗಂಧಕಾಮ್ಲ. ನನ್ನನ್ನು ಕಾಡುವುದು ನಡುವಿನದು. ಅದರ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದ ಕಾರ್ಮಿಕರ ನರ ಮತ್ತು ಹೃದಯ ಹಾಳಾದದ್ದು ದಾಖಲಾಗಿದೆ. ಉಡುವವರಿಗೆ ತೊಂದರೆಯಿಲ್ಲ, ನಿಜ. ಆದರೆ ನಮ್ಮ ಮೈಗೆ ತಂಪು ಅನ್ನಿಸಿದರೆ ಅಷ್ಟೇ ಸಾಕಾ? ಈಗ ಕೆಲವು ಕಾರ್ಖಾನೆಗಳು ಆ ಆವಿಯನ್ನು ಹಿಡಿದು ಮರುಬಳಸುತ್ತವೆ. ಎಲ್ಲರೂ ಹಾಗೆ ಮಾಡಲಿ.

ಪಲ್ಪ್‌ನಿಂದಲೇ ಮಾಡುವ ಇನ್ನೊಂದು ನಾರು ಲೈಯೊಸೆಲ್, ಅದರ ದಾರಿ ಬೇರೆ. ಎನ್‌ಎಂಎಂಒ ಎಂಬ ದ್ರಾವಕದಲ್ಲಿ ಪಲ್ಪ್ ನೇರವಾಗಿ ಕರಗುತ್ತದೆ. ಕಾರ್ಬನ್ ಡೈಸಲ್ಫೈಡ್ ಬೇಕಿಲ್ಲ. ದ್ರಾವಕದ ಶೇ. 99ಕ್ಕೂ ಹೆಚ್ಚು ಭಾಗ ವಾಪಸ್ ಸಿಗುತ್ತದೆ ಎನ್ನುತ್ತಾರೆ ತಯಾರಕರು. ಟೆನ್ಸೆಲ್ ಎಂಬುದು ಲೆನ್ಜಿಂಗ್ ಕಂಪನಿಯ ಬ್ರ್ಯಾಂಡ್ ಹೆಸರು. ಆ ಹೆಸರಲ್ಲಿ ಲೈಯೊಸೆಲ್ ಜೊತೆಗೆ ಮೋಡಾಲ್ ಎಂಬ, ವಿಸ್ಕೋಸ್‌ನ ಸುಧಾರಿತ ರೂಪವೂ ಬರುತ್ತದೆ, ಹಾಗಾಗಿ ಮುಂದಿನ ಪದವನ್ನೂ ಓದಿ.

ಬಾಳಿಕೆಯ ವಿಷಯದಲ್ಲೂ ವ್ಯತ್ಯಾಸ ಜಾಸ್ತಿ. ವಿಸ್ಕೋಸ್ ನೆನೆದರೆ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಒಗೆಯುವಾಗ ಜೋರಾಗಿ ಹಿಂಡಿದರೆ ಹಾಳು. ಮೋಡಾಲ್ ಅದಕ್ಕಿಂತ ಗಟ್ಟಿ, ಒಳ ಉಡುಪಿಗೆ ಮೆತ್ತಗೆ. ಲೈಯೊಸೆಲ್ ಇನ್ನೂ ಗಟ್ಟಿ. ಆದರೆ ತಿಕ್ಕಿದರೆ ಮೇಲೆ ಸಣ್ಣ ಎಳೆಗಳು ಏಳುತ್ತವೆ, ಒಳಮೈ ಹೊರಗೆ ಮಾಡಿ ಒಗೆಯಿರಿ. ಕುಪ್ರೋ ಎಂಬ ಇನ್ನೊಂದು ಬಗೆಯ ರೇಯಾನ್ ಸಾಮಾನ್ಯವಾಗಿ ಕೋಟಿನ ಒಳಬಟ್ಟೆಗೆ ಬಳಕೆಯಾಗುತ್ತದೆ.

ದಿನಾ ಉಡುವ ಬಟ್ಟೆಗೆ ನನ್ನ ಆಯ್ಕೆ ಲೈಯೊಸೆಲ್. ಅಪರೂಪಕ್ಕೆ ಉಡುವ, ಚೆಂದವಾಗಿ ಇಳಿಬೀಳುವ ಬಟ್ಟೆ ಬೇಕಾದರೆ ವಿಸ್ಕೋಸ್ ಬೇಡ ಅನ್ನುವುದಿಲ್ಲ. ಆದರೆ ಪಲ್ಪ್ ಎಲ್ಲಿಂದ ಬಂತು ಎಂದು ಎರಡಕ್ಕೂ ಕೇಳುತ್ತೇನೆ. ಹಳೆಯ ಕಾಡು ಕಡಿದು ಮಾಡಿದ್ದಾದರೆ ಲೈಯೊಸೆಲ್ ಕೂಡ ನನಗೆ ಬೇಡ.